ಕುರಿಯನ್ ಚೇಟನ ಎಡಪಕ್ಕೆ

ಕಳೆದ ತಿಂಗಳು ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ರಿಪೇರಿಗೆ ಕೊಟ್ಟು ನಿಂತಿದ್ದೆ. ಪಕ್ಕದಲ್ಲೇ ಒಂದು ಪಿಕಪ್ ಬಂದು ನಿಂತಿತು. ಡ್ರೈವರು ಹಿಂದಿನ ತಾರ್ಪಾಲು ಎಳೆದದ್ದೇ ತಡ, ಹೊಗೆ ಹಾಕಿದ ರಬ್ಬರ್ ಶೀಟಿನ ವಾಸನೆ ಮೂಗಿಗೆ ಬಡಿಯಿತು. ಹುಳಿ, ಹೊಗೆ, ಸ್ವಲ್ಪ ಕೊಳೆತ ಹಾಲು, ಎಲ್ಲ ಸೇರಿದ ವಾಸನೆ ಅದು. ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕೊಡೆಯನ್ನು ಮರೆತು ಅಲ್ಲೇ ನಿಂತುಬಿಟ್ಟೆ. ಕೊಡೆಯವನು ಎರಡು ಮೂರು ಸಲ "ಅಮ್ಮಾ, ಆಯ್ತು" ಎಂದು ಕರೆದನಂತೆ, ನನಗೆ ಕೇಳಿಸಲಿಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ಮಳೆ ಬಿಟ್ಟಲ್ಲಿಂದ ಮುಂದಿನ ವರ್ಷ ರಬ್ಬರ್ ಮರದ ಎಲೆ ಉದುರುವವರೆಗಿನ ಆ ಐದು ತಿಂಗಳು ನನ್ನ ತಲೆಯಲ್ಲಿ ಇವತ್ತಿಗೂ ಸರಿಯಾಗಿ ಕೂತಿಲ್ಲ. ಮೂವತ್ತು ಚಿಲ್ಲರೆ ವರ್ಷ ದಾದಿಯ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹೆರಿಗೆ ಮಾಡಿಸಿದೆ, ಕಣ್ಣು ಮುಚ್ಚಿಸಿದೆ, ಅವೆಲ್ಲ ಒಂದು ರೀತಿಯಲ್ಲಿ ಅರ್ಥವಾದವು. ಒಬ್ಬ ಮನುಷ್ಯನ ಎಡಪಕ್ಕೆಯ ನೋವು ಎಲ್ಲಿತ್ತು, ಯಾಕಿತ್ತು ಎಂದು ಈಗ ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ.

ನನ್ನ ಊರು ಸುಳ್ಯದ ಹತ್ತಿರದ ಅಜ್ಜಾವರ. ತರಬೇತಿ ಮುಗಿಸಿ ಬಂದವಳನ್ನು ಸರ್ಕಾರ ಕಡಬದಿಂದ ಒಳಗೆ, ಕೋಡಿಂಬಾಳದ ಆಚೆಯ ಒಂದು ಉಪಕೇಂದ್ರಕ್ಕೆ ಹಾಕಿತು. ಉಪಕೇಂದ್ರ ಅಂದರೆ ಬಾಡಿಗೆಯ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಮದ್ದಿನ ಕಪಾಟು, ತಕ್ಕಡಿ ಮತ್ತು ರಿಜಿಸ್ಟರು. ಆಗ ನನಗೆ ಇಪ್ಪತ್ತಮೂರು. ರಿಜಿಸ್ಟರಿನ ಮೇಲೆ ವಿಪರೀತ ಭಕ್ತಿ. ಮಕ್ಕಳ ತೋಳು, ಬಸುರಿಯರ ಹೊಟ್ಟೆ, ಯಾವುದು ಸಿಕ್ಕಿದರೂ ಅಳತೆಯ ಟೇಪು ಹಿಡಿದು ಅಳೆದು ಬರೆದಿಡುತ್ತಿದ್ದೆ. ಅಳೆದು ಬರೆದದ್ದು ಸುಳ್ಳಾಗುವುದಿಲ್ಲ ಎಂದು ನಂಬಿದ್ದೆ.

ದಾರಿಯ ಆಚೆ ಬದಿಗೆ ಕುರಿಯನ್ ಚೇಟನ ಮೂರು ಎಕರೆ ರಬ್ಬರು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಗಂಡ ಹೆಂಡತಿ ಕೇರಳದಿಂದ ಬಂದು ಕಾಡು ಕಡಿದು ಗಿಡ ನೆಟ್ಟವರು. ಮಕ್ಕಳಿಲ್ಲ. ಅವರ ಮಲಯಾಳದಲ್ಲಿ ಚೇಟ ಅಂದರೆ ಅಣ್ಣ, ಚೇಚಿ ಅಂದರೆ ಅಕ್ಕ. ಹೆಂಡತಿ ಏಲಿಯಮ್ಮ ಚೇಚಿ ನನ್ನನ್ನು ಬಂದ ಮೊದಲ ವಾರವೇ ಮನೆಯವಳ ಹಾಗೆ ನೋಡಿಕೊಂಡರು. ಬೇಲಿಯ ಇನ್ನೊಂದು ಬದಿಗೆ ಬಾಬು ಗೌಡರ ಗದ್ದೆ. ಚೇಟನಿಗೂ ಗೌಡರಿಗೂ ಬೇಲಿಯ ವಿಷಯದಲ್ಲಿ ತಿಂಗಳಿಗೊಮ್ಮೆ ಜಗಳ, ವಾರಕ್ಕೊಮ್ಮೆ ಒಟ್ಟಿಗೆ ಊಟ. ಗೌಡರು ಅಪ್ಪನಿಂದ ಕಲಿತು ಸರ್ಪಸುತ್ತಿಗೆ ಮದ್ದು ಕೊಡುತ್ತಿದ್ದರು.

ಸರ್ಪಸುತ್ತು ಬಂದದ್ದು ಕುರಿಯನ್ ಚೇಟನಿಗೇ. ಮಳೆಗಾಲದ ಕೊನೆಯಲ್ಲಿ ಎಡಪಕ್ಕೆಯಲ್ಲಿ, ಬೆನ್ನಿನಿಂದ ಎದೆಯವರೆಗೆ, ನೀರು ತುಂಬಿದ ಗುಳ್ಳೆಗಳು ಸಾಲಾಗಿ ಎದ್ದವು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು: ಅದು ಹಾವು, ಮೈಯನ್ನು ಸುತ್ತುತ್ತದೆ, ತಲೆಗೂ ಬಾಲಕ್ಕೂ ಗಂಟು ಬಿದ್ದರೆ ಮನುಷ್ಯ ಉಳಿಯುವುದಿಲ್ಲ. ಗೌಡರು ದಿನಾ ಬಂದು ಕೆಮ್ಮಣ್ಣು ತೇಯ್ದು ಗುಳ್ಳೆಗಳ ಎರಡು ತುದಿಗೂ ಗೆರೆ ಎಳೆಯುತ್ತಿದ್ದರು. ನಾನು ಅದರ ಮೇಲೆ ಗುಲಾಬಿ ಬಣ್ಣದ ಕೆಲಮೈನ್ ಹಚ್ಚುತ್ತಿದ್ದೆ.

"ನಿಮ್ಮ ಪೇಂಟಿನಿಂದ ನನ್ನ ಗೆರೆ ಅಳಿಸಿ ಹೋಗ್ತದೆ ಸಿಸ್ಟ್ರೇ," ಎಂದು ಗೌಡರಿಗೆ ಸಿಟ್ಟು.

"ನಿಮ್ಮ ಮಣ್ಣಿನಿಂದ ನಂಜಾದರೆ ಯಾರು ನೋಡುದು?" ಎಂದು ನನಗೆ ಸಿಟ್ಟು.

ಗೆರೆ ಎಳೆದ ಮೇಲೆ ಗೌಡರು ಎರಡು ತುದಿಯ ನಡುವೆ ಉಳಿದ ಬಲಪಕ್ಕೆಯ ಬರಿ ಜಾಗವನ್ನು ಬೆರಳು ಇಟ್ಟು ಅಳೆದು ದೊಡ್ಡಕ್ಕೆ ಹೇಳುತ್ತಿದ್ದರು: "ಇಪ್ಪತ್ತೆರಡು ಬೆರಳು ಉಂಟು. ಹೆದರ್ಬೇಡಿ ಚೇಟ." ಚೇಟ ಕಣ್ಣು ಮುಚ್ಚಿ ಕೇಳಿಕೊಂಡು ಉಸಿರು ಬಿಡುತ್ತಿದ್ದರು. ಮೂರು ವಾರದಲ್ಲಿ ಗುಳ್ಳೆಗಳು ಒಣಗಿದವು, ಹಕ್ಕಳೆ ಉದುರಿತು. ಗೌಡರು ತನ್ನ ಮಣ್ಣಿನಿಂದ ಎಂದರು, ನಾನು ನನ್ನ ಕೆಲಮೈನಿನಿಂದ ಎಂದೆ. ಅದು ತಾನಾಗಿಯೇ ಒಣಗುವ ಕಾಯಿಲೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ತಮಾಷೆ ಅಲ್ಲಿಗೆ ಮುಗಿಯಿತು. ಚರ್ಮ ಗುಣವಾಯಿತು, ನೋವು ಹೋಗಲಿಲ್ಲ. ಕೆಂಡ ಇಟ್ಟ ಹಾಗೆ, ಮತ್ತೆ ಮತ್ತೆ ಸೂಜಿ ಚುಚ್ಚಿದ ಹಾಗೆ ಎಂದರು ಚೇಟ. ಅಂಗಿಯ ಬಟ್ಟೆ ತಾಗಿದರೂ ಬೊಬ್ಬೆ. ಏಲಿಯಮ್ಮ ಚೇಚಿ ಬಾಳೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ ಪಕ್ಕೆಗೆ ಇಟ್ಟು ನೋಡಿದರು. ಅರ್ಧ ಗಂಟೆ ತಡೆಯಿತು. ನಾನು ಆ ಜಾಗವನ್ನು ನೂರು ಸಲ ನೋಡಿದೆ. ಸ್ವಲ್ಪ ಕಪ್ಪು ಕಲೆ ಬಿಟ್ಟರೆ ಏನೂ ಇಲ್ಲ. ಗಾಯ ಇಲ್ಲ, ಬಾವು ಇಲ್ಲ, ಜ್ವರ ಇಲ್ಲ. ಕಾಣದ ನೋವನ್ನು ರಿಜಿಸ್ಟರಿನ ಯಾವ ಕಾಲಮ್ಮಿನಲ್ಲಿ ಬರೆಯುವುದು? ಒಂದೊಂದು ದಿನ, ಹೇಳಲು ನಾಚಿಕೆಯಾಗುತ್ತದೆ, ಈ ಮನುಷ್ಯ ಸುಮ್ಮನೆ ಹಟ ಮಾಡುತ್ತಿದ್ದಾನೆಯೇ ಎಂದೂ ಅನಿಸಿತು.

ಅಂಗಿ ಹಾಕಲು ಆಗದ ಕಾರಣ ಚೇಟ ಇಗರ್ಜಿಗೆ ಹೋಗುವುದನ್ನು ಬಿಟ್ಟರು. ಬರಿ ಮೈಯಲ್ಲಿ ಪೂಜೆಗೆ ಹೇಗೆ ಹೋಗುವುದು?

"ನಮ್ಮ ದೇವಸ್ಥಾನಕ್ಕೆ ಬನ್ನಿ ಮಾರಾಯ್ರೆ," ಎಂದರು ಗೌಡರು. "ಅಲ್ಲಿ ಅಂಗಿ ತೆಗೆದೇ ಒಳಗೆ ಹೋಗುದು."

ಚೇಟ ನಕ್ಕರು. ಅದು ಆ ವರ್ಷ ನಾನು ಕಂಡ ಅವರ ಕೊನೆಯ ನಗು ಎಂದು ಆಗ ಗೊತ್ತಿರಲಿಲ್ಲ. ನಕ್ಕು ಮುಗಿಸಿ ಮೆಲ್ಲನೆ ಹೇಳಿದರು: "ಗೌಡ್ರೆ, ಕಾಡು ಕಡಿಯುವಾಗ ನಾನೊಂದು ಹುತ್ತ ಒಡೆದಿದ್ದೆ. ನಿಮ್ಮ ಅಪ್ಪ ಬೇಡ ಹೇಳಿದ್ರು. ನೆನಪುಂಟಾ?" ಗೌಡರಿಗೆ ನೆನಪಿತ್ತು. ಅವರು ಬೇಲಿಯ ಕಡೆ ನೋಡಿದರು.

ಅಲ್ಲಿಂದ ಚೇಟನ ತಲೆಯೊಳಗೆ ಹಾವು ಹರಿಯಲು ಶುರುವಾಯಿತು. ಗುಳ್ಳೆ ಒಣಗಿದರೂ ಒಳಗಿಂದ ಸುತ್ತುತ್ತಾ ಇದೆ ಎಂಬ ಹೆದರಿಕೆ. ಉರಿ ಬಲಗಡೆಗೆ ದಾಟಿತೇ ಎಂದು ದಿನಕ್ಕೆ ಹತ್ತು ಸಲ ಹೆಂಡತಿಯನ್ನು ಕೇಳುತ್ತಿದ್ದರು. ಊಟ ಸೇರಲಿಲ್ಲ. ಎದೆ ಹೊಡೆದುಕೊಳ್ಳುತ್ತದೆ ಎಂದು ನನ್ನಲ್ಲಿ ನಾಡಿ ನೋಡಿಸಿಕೊಳ್ಳುತ್ತಿದ್ದರು. ಹೆದರಿದ ದಿನ ನೋವು ಹೆಚ್ಚು, ನೋವು ಹೆಚ್ಚಾದ ದಿನ ಹೆದರಿಕೆ ಹೆಚ್ಚು. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಬಿಡಿಸಲು ಆಗಲಿಲ್ಲ.

ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಗೌಡರ ಬೆರಳಿನ ಲೆಕ್ಕ ಯಾಕೆ, ಸರ್ಕಾರಿ ಟೇಪೇ ಇದೆಯಲ್ಲ ಎಂದು ಚೇಟನನ್ನು ಸ್ಟೂಲಿನ ಮೇಲೆ ಕೂರಿಸಿ, ಎದೆಯ ಕಲೆಯಿಂದ ಬಲಪಕ್ಕೆ ಸುತ್ತಿ ಬೆನ್ನಿನ ಕಲೆಯವರೆಗೆ ಅಳೆದೆ. ನಲವತ್ತನಾಲ್ಕು ಸೆಂಟಿಮೀಟರ್. ಅವರ ಎದುರಿಗೇ ರಿಜಿಸ್ಟರಿನಲ್ಲಿ ಬರೆದು ತೋರಿಸಿದೆ. "ನೋಡಿ ಚೇಟ, ಇದು ಹೀಗೆಯೇ ಇರ್ತದೆ. ಒಂದು ಚೂರು ಕಮ್ಮಿ ಆಗುದಿಲ್ಲ." ಅವರ ಮುಖ ಸ್ವಲ್ಪ ಬೆಳಗಿತು. ನನಗೂ ಹೆಮ್ಮೆಯಾಯಿತು.

ಮೂರು ವಾರ ಕಳೆದು ಅವರೇ ಬಂದರು. ಇನ್ನೊಮ್ಮೆ ಅಳೆಯಿರಿ ಎಂದರು. ನಾನು ಅಳತೆಯನ್ನು ಕಣ್ಣು ಮುಚ್ಚಿ ನಂಬಿದವಳು, ಟೇಪು ಹಿಡಿದು ಓದಿ ಬಾಯಿಬಿಟ್ಟು ಹೇಳಿಯೂ ಬಿಟ್ಟೆ: ನಲವತ್ತೆರಡು.

ಇನ್ನೊಮ್ಮೆ ಅಳೆದೆ. ನಲವತ್ತೆರಡೇ. ಚೇಟ ಎದ್ದು ನಿಂತು "ಕರ್ತಾವೇ" ಎಂದು ದೇವರನ್ನು ಒಮ್ಮೆ ಕರೆದು ಮನೆಗೆ ಹೋದರು. ಮರುದಿನದಿಂದ ಮರಕ್ಕೆ ಕತ್ತಿ ಹಾಕಲು ಅವರು ಹೋಗಲಿಲ್ಲ. ಏಲಿಯಮ್ಮ ಚೇಚಿಯೇ ಬೆಳಿಗ್ಗೆ ಎದ್ದು ಮುನ್ನೂರು ಮರ ಸುತ್ತಿ ಟ್ಯಾಪಿಂಗ್ ಮಾಡಿ, ಗೆರಟೆಯಿಂದ ಹಾಲು ಸಂಗ್ರಹಿಸಿ, ಹೆಪ್ಪು ಹಾಕಿ, ಶೀಟು ಒತ್ತಿ ಹೊಗೆಮನೆಯಲ್ಲಿ ಒಣಗಿಸತೊಡಗಿದರು. ಚೇಟ ಜಗಲಿಯಲ್ಲಿ ಎಡಗೈಯನ್ನು ಪಕ್ಕೆಗೆ ತಾಗದ ಹಾಗೆ ಎತ್ತಿ ಹಿಡಿದು ಕೂತಿರುತ್ತಿದ್ದರು. ನಾನು ಮಾತಾಡಿಸಿದರೆ ಒಂದು ಮಾತಿಗೆ ಅರ್ಧ ಮಾತು ಉತ್ತರ.

ಒಂದು ಬೆಳಿಗ್ಗೆ ಏಲಿಯಮ್ಮ ಚೇಚಿ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದರು. ಬಿಳಿ ಪ್ಲಾಸ್ಟಿಕ್ ಕ್ಯಾನು. ರಬ್ಬರ್ ಹಾಲಿಗೆ ಹೆಪ್ಪು ಹಾಕುವ ಎಸಿಡ್.

"ಇದು ನಿಮ್ಮಲ್ಲಿರಲಿ ಸಿಸ್ಟರೇ," ಎಂದರು.

"ಯಾಕೆ ಚೇಚಿ?"

"ನಿನ್ನೆ ಹೊಗೆಮನೆಯಲ್ಲಿ ಇದನ್ನು ತೊಡೆ ಮೇಲೆ ಇಟ್ಟು ಕೂತಿದ್ದರು. ಎಂತ ಮಾಡ್ತಿದ್ದೀರಿ ಕೇಳಿದ್ರೆ, ಏನಿಲ್ಲ ಅಂದ್ರು." ಅವರ ಕಣ್ಣಲ್ಲಿ ನೀರಿರಲಿಲ್ಲ. ಅತ್ತು ಮುಗಿಸಿಯೇ ಬಂದಿದ್ದರು. "ದಿನಾ ಹಾಲಿಗೆ ಬೇಕಾದಷ್ಟು ನಾನು ಬಂದು ತಕೊಂಡು ಹೋಗ್ತೇನೆ. ಯಾರಿಗೂ ಹೇಳ್ಬೇಡಿ."

ಬಾಯಲ್ಲಿ ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಾನು ಆ ಕ್ಯಾನನ್ನು ಮದ್ದಿನ ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ದಿನಾ ಬೆಳಿಗ್ಗೆ ಚೇಚಿ ಬಾಟಲಿ ತರುತ್ತಿದ್ದರು. ಮಿಕ್ಸ್ಚರ್ ಅಳೆಯುವ ಔನ್ಸ್ ಗ್ಲಾಸಿನಲ್ಲಿ ನಾನು ಎಸಿಡ್ ಅಳೆದು ಸುರಿಯುತ್ತಿದ್ದೆ. ಒಂದು ಔನ್ಸ್ ಬೇಕು ಎಂದು ಅವರು ಹೇಳಿದ್ದರು. ನನ್ನ ಕೈ ಮಾತ್ರ ಗೆರೆಯವರೆಗೆ ಹೋಗುತ್ತಿರಲಿಲ್ಲ. ಗೆರೆಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿಬಿಡುತ್ತಿದ್ದೆ. ಚೇಚಿ ಬಾಟಲಿ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಅಷ್ಟನ್ನೇ ತೆಗೆದುಕೊಂಡು ಹೋಗುತ್ತಿದ್ದರು.

ದೊಡ್ಡ ಕೇಂದ್ರದ ಡಾಕ್ಟರು ಗುರುವಾರ ಗುರುವಾರ ಸ್ಕೂಟರಿನಲ್ಲಿ ಬರುತ್ತಿದ್ದರು. ಇನ್ನೂ ಎಳೆಯ ಪ್ರಾಯ, ಪುತ್ತೂರಿನ ಕಡೆಯವರು. ಮಂಗಳೂರಿನ ಗೆಳೆಯನಿಂದ ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ತರಿಸಿ ಓದುವ ಹುಚ್ಚು. ನಾನು ಅವರಿಗೆ ಕ್ಯಾನಿನ ವಿಷಯ ಬಿಟ್ಟು ಎಲ್ಲ ಹೇಳಿದೆ, ರಿಜಿಸ್ಟರು ತೆಗೆದು ಎರಡು ಅಳತೆಯನ್ನೂ ತೋರಿಸಿದೆ. ಅವರು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಇವರ ತೂಕ ಎಷ್ಟು ಇಳಿದಿದೆ ಸಿಸ್ಟರ್?"

ನಾನು ತೂಕ ನೋಡಿರಲಿಲ್ಲ.

"ಉಣ್ಣದ ಮನುಷ್ಯ ಸಣ್ಣ ಆಗಿದ್ದಾನೆ. ಪಕ್ಕೆಯೂ ಸಣ್ಣ ಆಗಿದೆ. ಹಾವು ಅಲ್ಲ, ಮಾಂಸ ಕಡಿಮೆಯಾದದ್ದು. ಸರ್ಪಸುತ್ತು ಒಂದು ಬದಿಯ ನರದ್ದು. ಇವರದ್ದು ಎಡಬದಿಯಲ್ಲೇ ಮುಗಿದು ಹೋಗಿದೆ."

ನೆಲ ಬಾಯಿ ಬಿಟ್ಟರೆ ಇಳಿಯುತ್ತಿದ್ದೆ. ಹೆದರಿಕೆಯಿಂದ ಅವರು ಊಟ ಬಿಟ್ಟಿದ್ದರು, ಊಟ ಬಿಟ್ಟದ್ದನ್ನು ನಾನೇ ಅಳೆದು ಇನ್ನಷ್ಟು ಹೆದರಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿಯೂ ಇನ್ನೊಬ್ಬರಿಂದ ಬರಬೇಕಾಯಿತು.

ಡಾಕ್ಟರು ಅವತ್ತೇ ಚೇಟನ ಜಗಲಿಗೆ ಬಂದರು. ಗೌಡರೂ ಬೇಲಿ ದಾಟಿ ಬಂದು ಕೂತರು. ಅಳತೆಯ ತಪ್ಪನ್ನು ಡಾಕ್ಟರು ಬಿಡಿಸಿ ಹೇಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಚೇಟ ಕೇಳಿಸಿಕೊಂಡು, "ಹಾಗಾದ್ರೆ ಉರಿ ಯಾಕೆ ಉಂಟು? ನಾನು ಸುಳ್ಳು ಹೇಳುದಾ?" ಎಂದರು.

"ಸುಳ್ಳಲ್ಲ ಚೇಟ. ಮದುವೆ ಮನೆಯ ಮೈಕ್ ಸೆಟ್ ನೋಡಿದ್ದೀರಲ್ಲ? ಮೈಕಿನ ಹತ್ತಿರ ಒಬ್ಬ ಸಣ್ಣಕ್ಕೆ ಕೆಮ್ಮಿದರೂ ಸೌಂಡಿನವನು ಗುಂಡಿ ತಿರುಗಿಸಿ ಇಟ್ಟಿದ್ದರೆ ಇಡೀ ಊರಿಗೆ ಕೇಳ್ತದೆ. ನಿಮ್ಮ ಆ ನರ ಹಾಳಾಗಿದೆ, ಕೆಮ್ಮುತ್ತಾ ಇದೆ. ಅದನ್ನು ದೊಡ್ಡ ಮಾಡುದು, ಸಣ್ಣ ಮಾಡುದು ಬೆನ್ನುಹುರಿ ಮತ್ತು ಮೆದುಳು. ಅದಕ್ಕೆ ಅಲ್ಲಿ ಕೆಲವು ವಸ್ತುಗಳು ಉಂಟು. ನ್ಯೂರೋಪೆಪ್ಟೈಡ್ ಅಂತ ಹೇಳ್ತಾರೆ. ಒಂದು ಜಾತಿಯದ್ದು ನೋವಿನ ಸುದ್ದಿಯನ್ನು ಮೇಲಕ್ಕೆ ದಾಟಿಸ್ತದೆ. ಅದಕ್ಕೆ 'ಪಿ' ವಸ್ತು ಅಂತ ಹೆಸರು."

"ಪಿ ಅಂದರೆ ಎಂತ ಡಾಕ್ಟ್ರೆ?" ಗೌಡರು ಕೇಳಿದರು.

"ಪೌಡರು. ಮೊದಲು ಸಿಕ್ಕಿದ್ದು ಪುಡಿಯಾಗಿ ಅಂತೆ, ಅದಕ್ಕೆ."

"ಅಷ್ಟು ಓದಿದವರಿಗೆ ಹೆಸರು ಇಡ್ಲಿಕ್ಕೂ ಗೊತ್ತಿಲ್ವಾ!"

ಡಾಕ್ಟರು ನಕ್ಕರು. "ಇನ್ನೊಂದು ಜಾತಿಯದ್ದು ಅಫೀಮಿನ ಹಾಗೆ. ನೋವನ್ನು ತಗ್ಗಿಸುವಂಥದ್ದು. ಹೊರಗಿಂದ ತರುದು ಬೇಡ, ನಮ್ಮ ಮೆದುಳೇ ಮಾಡಿಕೊಳ್ತದೆ. ಹೆದರಿಕೆಗೂ ಇಂಥವುಗಳಿಗೂ ಸಂಬಂಧ ಉಂಟು ಅಂತ ಈಗೀಗ ಹೇಳ್ತಾ ಇದ್ದಾರೆ. ತುಂಬ ದಿನ ಹೆದರಿಕೊಂಡೇ ಇದ್ದರೆ ನೋವಿನ ಸೌಂಡು ಏರ್ತದೆ. ನೋವು ಏರಿದರೆ ಹೆದರಿಕೆ ಏರ್ತದೆ. ಮೈಕನ್ನು ಹಾರ್ನಿನ ಎದುರು ಹಿಡಿದರೆ ಕುಂಯ್ ಅಂತ ಬೊಬ್ಬೆ ಹೊಡಿತದಲ್ಲ, ಈಗ ನಿಮಗೆ ಆಗಿರುದು ಅದು."

ಚೇಟ ಮುಂದೆ ಬಾಗಿ ಕೇಳಿದರು. "ಆ ಸೌಂಡಿನವನು ಯಾರು? ನಾನಾ?"

"ನಿಮ್ಮ ಒಳಗೇ ಇರುವವನು. ಆದರೆ ನಿಮ್ಮ ಮಾತು ಕೇಳುವವನಲ್ಲ."

"ಹಾಗಾದ್ರೆ ನೋವು ಇರುದು ಎಲ್ಲಿ ಡಾಕ್ಟ್ರೆ? ಪಕ್ಕೆಯಲ್ಲಾ, ತಲೆಯಲ್ಲಾ?"

"ಎರಡು ಕಡೆಯೂ ಇರಬೇಕು. ಸರಿಯಾಗಿ ನನಗೂ ಗೊತ್ತಿಲ್ಲ. ಕಂಡುಹಿಡಿಯುವವರೇ ಇನ್ನೂ ಜಗಳ ಮಾಡ್ತಾ ಇದ್ದಾರೆ."

"ಗೊತ್ತಿಲ್ಲ ಹೇಳುವ ಡಾಕ್ಟ್ರನ್ನು ನಾನು ಇವತ್ತೇ ನೋಡಿದ್ದು," ಎಂದರು ಗೌಡರು, ಮೆಚ್ಚುಗೆಯಿಂದಲೋ ಕುಹಕದಿಂದಲೋ ತಿಳಿಯಲಿಲ್ಲ.

ನನಗಂತೂ ಆ ಮಾತುಗಳಿಂದ ತಲೆ ಇನ್ನಷ್ಟು ಕೆಟ್ಟಿತು. ಗಾಯ ಪಕ್ಕೆಯಲ್ಲಿ, ಗುಂಡಿ ತಿರುಗಿಸುವವನು ತಲೆಯಲ್ಲಿ, ಅವನ ಕೈಗೆ ಕೊಡುವುದು ನಾನು ಹೇಳಿದ ಒಂದು ಸಂಖ್ಯೆ. ಹಾಗಾದರೆ ಬಾಯಿಯಿಂದ ಬಿದ್ದ ಮಾತು ಕೂಡ ಮದ್ದೋ ವಿಷವೋ ಆಗಿ ಮೈಯೊಳಗೆ ಹೋಗುತ್ತದೆಯೇ? ನಮಗೆ ತರಬೇತಿಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಅಂದಿನಿಂದ ನಾನು ಚೇಟನ ಎದುರು ಬಾಯಿ ತೆರೆಯಲೇ ಹೆದರಿದೆ.

ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. ಮನಸ್ಸಿನ ಬೇಸರಕ್ಕೆ ಕೊಡುವಂಥದ್ದು, ಇಂಥ ನರದ ನೋವಿಗೂ ಸ್ವಲ್ಪ ಸ್ವಲ್ಪ ಕೊಟ್ಟು ನೋಡುತ್ತಾರೆ ಎಂದರು. ಅದು ಕಡಬದಲ್ಲಿ ಸಿಗಲಿಲ್ಲ. ಏಲಿಯಮ್ಮ ಚೇಚಿ ಬಸ್ಸು ಹತ್ತಿ ಪುತ್ತೂರಿಗೆ ಹೋದರು. ಅಂಗಡಿಯವನು ಚೀಟಿ ನೋಡಿ, "ಯಾರಿಗೆ ಅಮ್ಮಾ? ತಲೆ ಸರಿ ಇಲ್ವಾ?" ಎಂದು ನಾಲ್ಕು ಜನರ ಎದುರು ಕೇಳಿದನಂತೆ. ಚೇಚಿ ಮಾತ್ರೆಯನ್ನು ಬ್ಲೌಸಿನೊಳಗೆ ಇಟ್ಟುಕೊಂಡು ನೇರ ನನ್ನ ಹತ್ತಿರ ಬಂದರು. "ಇದು ಹುಚ್ಚಿನ ಮದ್ದಾ ಸಿಸ್ಟರೇ? ನಿಜ ಹೇಳಿ." ನಾನು "ಹೌದು" ಎಂದೆ, "ಅಲ್ಲ" ಎಂದೆ, ಕೊನೆಗೆ "ಡಾಕ್ಟ್ರು ಹೇಳಿದ್ದಲ್ವಾ, ಕೊಡಿ" ಎಂದೆ.

ಚೇಟ ಮೂರು ದಿನ ಆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟು ನೋಡಿದರು. ನಾಲ್ಕನೆಯ ದಿನ, "ಹುಚ್ಚಿನದ್ದಾದ್ರೆ ಹುಚ್ಚಿನದ್ದು" ಎಂದು ನುಂಗಿದರಂತೆ.

ಅದೇ ವಾರ ಗೌಡರು ಯಾರಿಗೂ ಹೇಳದೆ ಸುಬ್ರಹ್ಮಣ್ಯಕ್ಕೆ ಹೋದರು, ಗೆಳೆಯನ ಹೆಸರಿನಲ್ಲಿ ಸೇವೆ ಮಾಡಿಸಲು. ಕೌಂಟರಿನಲ್ಲಿ ನಕ್ಷತ್ರ ಕೇಳಿದರು. ಕುರಿಯನ್ ಚೇಟನ ನಕ್ಷತ್ರ ಯಾರಿಗೆ ಗೊತ್ತು? ಹಿಂದೆ ಸಾಲು ನಿಂತವರು ಗಡಿಬಿಡಿ ಮಾಡಿದರು, ಗೌಡರು ತನ್ನ ನಕ್ಷತ್ರವನ್ನೇ ಹೇಳಿಬಿಟ್ಟರು. ಪ್ರಸಾದ ಕೊಡುವಾಗ ಇದನ್ನು ತಮಾಷೆಯಾಗಿ ಹೇಳಿದರು. ಚೇಟನ ಮುಖ ಬಿಳಿಚಿತು.

"ನಿಮ್ಮ ನಕ್ಷತ್ರ ಯಾಕೆ ಹೇಳಿದಿರಿ? ಇನ್ನು ಅದು ನಿಮ್ಮ ಮೈಗೆ ಬಂದ್ರೆ?"

"ಬಂದ್ರೆ ಬರ್ಲಿ ಮಾರಾಯ್ರೆ. ಮಣ್ಣು ನನ್ನ ಹತ್ತಿರವೇ ಉಂಟಲ್ಲ."

ಅಲ್ಲಿಂದ ಒಂದು ವಿಚಿತ್ರ ಶುರುವಾಯಿತು. ತನ್ನ ಪಕ್ಕೆ ನೋಡಿಕೊಳ್ಳುತ್ತಿದ್ದ ಚೇಟ ಈಗ ದಿನಾ ಬೇಲಿಯವರೆಗೆ ನಡೆದು ಹೋಗಿ ಗೌಡರಿಗೆ ಗುಳ್ಳೆ ಎದ್ದಿದೆಯೇ ಎಂದು ವಿಚಾರಿಸತೊಡಗಿದರು. ಗೌಡರು ಬನಿಯನ್ ಎತ್ತಿ ತೋರಿಸಬೇಕಿತ್ತು. ಬಯ್ಯುತ್ತಾ ತೋರಿಸುತ್ತಿದ್ದರು.

ಧನುರ್ಮಾಸದ ಚಳಿ ಬಂತು, ಕ್ರಿಸ್ಮಸ್ ಕಳೆಯಿತು. ಚೇಟ ಒಂದು ಹಿಡಿ ಹೆಚ್ಚು ಉಣ್ಣುತ್ತಾರೆ ಎಂದರು ಚೇಚಿ. ತಾನು ಇಗರ್ಜಿಯಲ್ಲಿ ಹೊತ್ತ ಹರಕೆಯ ಫಲ ಎಂದು ಚೇಚಿ, ಸುಬ್ರಹ್ಮಣ್ಯನ ದಯೆ ಎಂದು ಗೌಡರು, ಮಾತ್ರೆ ಹಿಡಿಯುತ್ತಿದೆ ಎಂದು ಡಾಕ್ಟರು. ನಾನು ಚೇಟನನ್ನೇ ಕೇಳಿದೆ. "ನೋವು ಹಾಗೆಯೇ ಉಂಟು," ಎಂದರು. ಹಾಗಾದರೆ ಉಣ್ಣುತ್ತಿರುವುದು ಯಾಕೆ, ಬೇಲಿಯವರೆಗೆ ನಡೆಯುತ್ತಿರುವುದು ಯಾಕೆ? ಕಡಿಮೆಯಾದದ್ದು ಯಾವುದು? ಅಥವಾ ಏನೂ ಕಡಿಮೆಯಾಗದೆ, ನಮ್ಮನ್ನೆಲ್ಲ ಸಮಾಧಾನ ಮಾಡಲು ನಟಿಸುತ್ತಿದ್ದಾರೆಯೇ? ಆ ಯೋಚನೆ ಬಂದ ದಿನ ನಾನು ಕಪಾಟಿನ ಬೀಗವನ್ನು ಮೂರು ಸಲ ಎಳೆದು ನೋಡಿದೆ. ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ.

ಜನವರಿಯ ಕೊನೆ, ರಬ್ಬರಿನ ಎಲೆ ಕೆಂಪಾಗಿ ಉದುರಲು ಶುರುವಾಗಿತ್ತು. ಬೆಳಿಗ್ಗೆ ಹತ್ತು ಗಂಟೆಯಾದರೂ ಏಲಿಯಮ್ಮ ಚೇಚಿ ಬರಲಿಲ್ಲ. ಬಾಗಿಲಲ್ಲಿ ನೆರಳು ಕಂಡು ತಲೆ ಎತ್ತಿದರೆ ಕುರಿಯನ್ ಚೇಟ, ಕೈಯಲ್ಲಿ ಅದೇ ಬಾಟಲಿ.

"ಅವಳಿಗೆ ಜ್ವರ. ಟ್ಯಾಪಿಂಗ್ ಮಾಡಿ ಬಂದು ಮಲಗಿದ್ದಾಳೆ. ಹಾಲು ನಾನು ತಂದಿಟ್ಟಿದ್ದೇನೆ. ಎಸಿಡ್ ಕೊಡಿ ಸಿಸ್ಟರೇ."

"ಯಾವ ಎಸಿಡ್ ಚೇಟ?" ಎಂದೆ.

"ನಾನು ಕೂತಲ್ಲಿಂದ ನಿಮ್ಮ ಬಾಗಿಲು ಕಾಣ್ತದೆ. ಅವಳು ದಿನಾ ಬಾಟಲಿ ಹಿಡ್ಕೊಂಡು ಎಲ್ಲಿಗೆ ಬರ್ತಾಳೆ ಅಂತ ನನಗೆ ಗೊತ್ತಿಲ್ಲದ್ದಾ?"

ಕೊಡದಿದ್ದರೆ ಏನು ಹೇಳಿದ ಹಾಗಾಗುತ್ತದೆ? ನೀವು ಸಾಯಲು ಹೊರಟವರು, ನಿಮ್ಮನ್ನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಒಂದು ಸಂಖ್ಯೆ ಹೇಳಿ ನಾನು ಮಾಡಿದ ಅನಾಹುತ ಸಾಲದೇ? ಕೊಟ್ಟರೆ? ಕೊಟ್ಟು ಏನಾದರೂ ಆದರೆ ಏಲಿಯಮ್ಮ ಚೇಚಿಯ ಮುಖ ಹೇಗೆ ನೋಡುವುದು? ಡಾಕ್ಟರು ಬರಲು ಇನ್ನೂ ಎರಡು ದಿನ. ಕುತ್ತಿಗೆಯ ದಾರ ತೆಗೆಯುವಾಗ ಕೂದಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡೆ. ಬೀಗ ತೆಗೆದೆ. ಔನ್ಸ್ ಗ್ಲಾಸಿಗೆ ಸುರಿದೆ, ಅವತ್ತೂ ಗೆರೆಯ ಕೆಳಗೇ ನಿಲ್ಲಿಸಿದೆ. ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿ ಕೊಟ್ಟೆ.

"ಚೇಚಿಯ ಜ್ವರ ನೋಡ್ಬೇಕು. ನಾನೂ ಬರ್ತೇನೆ," ಎಂದೆ.

"ಬನ್ನಿ," ಎಂದರು. ಜ್ವರ ನೋಡುವ ನನ್ನ ನೆಪ ಅವರಿಗೆ ಅರ್ಥವಾಗಿತ್ತು.

ಚೇಚಿಗೆ ನಿಜವಾಗಿಯೂ ನೂರೆರಡು ಜ್ವರ. ಮಾತ್ರೆ ಕೊಟ್ಟು ಹಿಂದೆಯೇ ಹೊಗೆಮನೆಯ ಬದಿಯ ಚಪ್ಪರಕ್ಕೆ ಓಡಿದೆ. ಚೇಟ ಹಾಲನ್ನು ಸೋಸಿ ನೀರು ಬೆರೆಸಿ ತಟ್ಟೆಗಳಿಗೆ ಸುರಿದಿಟ್ಟಿದ್ದರು. ಎಡಗೈ ಈಗಲೂ ಪಕ್ಕೆಯಿಂದ ದೂರ. ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದರು. ತುಂಬ ಹೊತ್ತು ಹಿಡಿದರು.

"ಇದು ಎಷ್ಟು ಸಿಸ್ಟರೇ?"

"ಒಂದು ಔನ್ಸ್."

"ಒಂದು ಔನ್ಸ್ ಅಲ್ಲ ಇದು. ಕಮ್ಮಿ ಉಂಟು." ಅವರು ಬಾಟಲಿ ಇಳಿಸಿದರು. "ಎರಡು ತಿಂಗಳಿಂದ ಶೀಟು ಮೆತ್ತಗೆ ಬರ್ತಾ ಉಂಟು. ಕಡಬದ ವ್ಯಾಪಾರಿ ಬಯ್ದು ಹಿಂದೆ ಕಳಿಸ್ತಾನೆ. ಮರಕ್ಕೆ ಪ್ರಾಯ ಆಯ್ತು ಅಂತ ಏಲಿಯಮ್ಮ ಹೇಳ್ತಾಳೆ. ನನ್ನ ಮರ ನನಗೆ ಗೊತ್ತಿಲ್ವಾ? ನೀವು ದಿನಾ ಕಮ್ಮಿ ಕೊಡುದು."

ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. "ನನಗೆ ಹೆದರಿಕೆ ಆಗಿತ್ತು ಚೇಟ," ಎಂದೆ.

ಅವರು ಎಸಿಡನ್ನು ನೀರಿಗೆ ಬೆರೆಸಿ, ತಟ್ಟೆ ತಟ್ಟೆಗೂ ಸುರಿದು, ಬಲಗೈಯಲ್ಲಿ ಕಡ್ಡಿ ಹಿಡಿದು ಕಲಕುತ್ತಾ ಹೋದರು. ಕೊನೆಯ ತಟ್ಟೆಯ ಹತ್ತಿರ ನಿಂತು ಹೇಳಿದರು: "ನನಗೂ ಆಗಿತ್ತು."

ಮತ್ತೆ ಕಡ್ಡಿಯನ್ನು ತೊಳೆದು ಚಪ್ಪರಕ್ಕೆ ಸಿಕ್ಕಿಸಿದರು. "ನಾಳೆ ಸರಿಯಾಗಿ ಅಳೆದು ಕೊಡಿ."

ನಾಳೆ ಎಂಬ ಮಾತನ್ನು ಆ ಮನುಷ್ಯನ ಬಾಯಲ್ಲಿ ಕೇಳಿ ಎಷ್ಟು ತಿಂಗಳಾಗಿತ್ತು! ಮನೆಗೆ ಬಂದು ಊಟಕ್ಕೆ ಕೂತೆ, ಉಣ್ಣಲಾಗಲಿಲ್ಲ. ಅದು ನಿಜವಾದ ನಾಳೆಯೋ, ನನ್ನನ್ನು ಸಾಗಹಾಕಲು ಹೇಳಿದ ನಾಳೆಯೋ ಎಂದು ಮತ್ತೆ ಅನುಮಾನ. ಅವರ ನೋವು ಹಾಗೆಯೇ ಇದೆ ಎಂದು ಅವರೇ ಹೇಳಿದ್ದರು. ನೋವಿರುವವನ ಕೈಗೆ ಎಸಿಡ್ ಕೊಟ್ಟದ್ದು ಸರಿಯೋ ತಪ್ಪೋ ಎಂದು ಯಾವ ಪುಸ್ತಕದಲ್ಲಿ ನೋಡುವುದು? ಇಡೀ ಸಂಜೆ ಹಾಗೆಯೇ ಕಳೆಯಿತು.

ಮರುದಿನ ಬೆಳಕು ಹರಿದ ಕೂಡಲೇ ಕಪಾಟು ತೆರೆದೆ. ಔನ್ಸ್ ಗ್ಲಾಸು ಮುಟ್ಟಲಿಲ್ಲ. ಕ್ಯಾನನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ದಾರಿ ದಾಟಿದೆ. ಜಗಲಿ ಖಾಲಿಯಿತ್ತು. ಒಳಗೆ ಏಲಿಯಮ್ಮ ಚೇಚಿ ನಿದ್ದೆಯಲ್ಲಿದ್ದರು. ಹೊಗೆಮನೆಯಲ್ಲಿ ಯಾರೂ ಇಲ್ಲ. "ಚೇಟಾ" ಎಂದು ಕೂಗಿದೆ, ಇನ್ನೊಮ್ಮೆ ಕೂಗಿದೆ. ಒಣ ಎಲೆ ತುಳಿಯುತ್ತಾ ತೋಟದೊಳಗೆ ಓಡಿದೆ.

ಇಳಿಜಾರಿನ ನಾಲ್ಕನೆಯ ಸಾಲಿನಲ್ಲಿ ಅವರು ಒಂದು ಮರಕ್ಕೆ ಬಾಗಿ ನಿಂತಿದ್ದರು. ಬಲಗೈಯಲ್ಲಿ ಟ್ಯಾಪಿಂಗ್ ಕತ್ತಿ. ಹಲ್ಲು ಕಚ್ಚಿ, ಮುಖ ಕಿವಿಚಿ, ಸಿಪ್ಪೆಯನ್ನು ಎಳೆ ಎಳೆಯಾಗಿ ತೆಗೆಯುತ್ತಿದ್ದರು. ನೋವು ಇತ್ತು. ಮುಖ ನೋಡಿದರೆ ಯಾರಿಗೂ ಗೊತ್ತಾಗುತ್ತಿತ್ತು. ನಾನು ಏದುಸಿರು ಬಿಡುತ್ತಾ ಕ್ಯಾನು ಹಿಡಿದು ಎದುರು ನಿಂತೆ. ಅವರು ಕ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಮರದ ಕಡೆ ತಿರುಗಿದರು.

"ಅಲ್ಲಿ ಹೊಗೆಮನೆಯಲ್ಲಿ ಇಟ್ಟು ಹೋಗಿ ಸಿಸ್ಟರೇ," ಎಂದರು. "ಈಗ ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ. ಇನ್ನೂ ಇನ್ನೂರು ಮರ ಬಾಕಿ ಉಂಟು."